ತಾಯಿಯ ಕಡೆಯ ಪ್ರತಿ

ರೇಣುಕಾಳ ಗಂಡ ಕನಕರಾಜ ಅವಳ ತಾಯಿಯ ಒಡಹುಟ್ಟಿದ ತಮ್ಮ. ಅವಳು ತೊಟ್ಟಿಲಲ್ಲಿದ್ದಾಗಲೇ, ನಿನ್ನ ಹೆಂಡತಿ ಅಳುತ್ತಾಳೆ ನೋಡೋ ಎಂದು ಮನೆಮಂದಿಯೆಲ್ಲ ಆ ಹುಡುಗನನ್ನು ಕಾಡಿಸುತ್ತಿದ್ದರಂತೆ. ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿ ಬಂದವಳು ರಕ್ತಸಂಬಂಧದ ಮದುವೆ ಬೇಡವೆಂದು ಹಟ ಹಿಡಿದಳು. ಕೊನೆಗೆ ಅವಳು ಕೇಳಿದ್ದು ಒಂದೇ ಮಾತು: ಮನೆತನದಲ್ಲಿ ಏನಾದರೂ ರೋಗ ಇದೆಯೇ? ಅವ್ವ ಹುಲಗಮ್ಮ ಮಗಳ ನೆತ್ತಿಯ ಮೇಲೆ ಕೈಯಿಟ್ಟು ಇಲ್ಲವೆಂದಳು. ಮಾವ ಒಳ್ಳೆಯವನು, ಚಿಕ್ಕಂದಿನಿಂದ ಬಲ್ಲವನು. ರೇಣುಕಾ ಒಪ್ಪಿದಳು. ಮದುವೆಯಾದ ಮೇಲೂ ಅವನನ್ನು ಮಾವ ಎಂದೇ ಕರೆಯುತ್ತಿದ್ದಳು.

ಕುಷ್ಟಗಿಯಲ್ಲಿ ಸಂಸಾರ. ಅವನು ಲೈನ್‌ಮನ್, ಅವಳು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವಳು. ಅವನಿಗೆ ಇದ್ದಕ್ಕಿದ್ದಂತೆ ತಲೆ ಸಿಡಿಯುತ್ತಿತ್ತು, ಮೈಯೆಲ್ಲ ಬೆವರುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಬಿಸಿಲಲ್ಲಿ ಕಂಬ ಹತ್ತುವವನಿಗೆ ಇನ್ನೇನಾಗುತ್ತದೆ ಎಂದು ಎಲ್ಲರೂ ಅಂದರು, ಹುಲಗಮ್ಮನೂ ಅಂದಳು. ಬಿಪಿ ಗುಳಿಗೆಯಲ್ಲೇ ವರ್ಷಗಳು ಸರಿದವು. ಕಿಡ್ನಿಯ ಮೇಲಿನ ಗಡ್ಡೆ ಕಣ್ಣಿಗೆ ಬೀಳುವ ಹೊತ್ತಿಗೆ ಅದು ಎಲುಬಿಗೆ ಇಳಿದಿತ್ತು. ಅವನು ಹೋದಾಗ ಮಗಳು ಸುಕನ್ಯಾ ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಳು. ರೇಣುಕಾಳಿಗೆ ಅಳು ಬರಲಿಲ್ಲ. ಬರಬಹುದೆಂದು ಕೆಲವು ದಿನ ಕಾದಳು, ಆಮೇಲೆ ಕಾಲೇಜಿಗೆ ಹೋದಳು.

ಈಗ ಕೊಪ್ಪಳದ ಡಾಕ್ಟರು ಕರೆಸಿದ್ದರು. ಗಡ್ಡೆಯ ತುಣುಕನ್ನು ಅವರು ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದ್ದರು, ಉತ್ತರ ಬಂದಿತ್ತು. ಕನಕರಾಜನಲ್ಲಿ ಒಂದು ಜೀನ್ ಕೆಟ್ಟಿತ್ತು. ಅದು ಪ್ರೋಟೀನ್ ಮಾಡುವ ಜೀನ್ ಅಲ್ಲ. ಅದರಿಂದ ಹೊರಡುವ ಆರ್‌ಎನ್‌ಎ ತಾನೇ ಕಾವಲಿಗೆ ನಿಂತು ಜೀವಕೋಶಗಳು ಮಿತಿಮೀರಿ ಬೆಳೆಯದಂತೆ ತಡೆಯುತ್ತದೆ. ಎಲ್ಲ ಜೀನ್‌ಗಳ ಹಾಗೆ ಇದೂ ತಂದೆಯಿಂದ ಒಂದು ಪ್ರತಿ, ತಾಯಿಯಿಂದ ಒಂದು ಪ್ರತಿ ಬರುತ್ತದೆ. ಆದರೆ ತಂದೆಯದು ಹುಟ್ಟಿನಿಂದಲೇ ಮುಚ್ಚಿರುತ್ತದೆ. ತಾಯಿಯದೊಂದೇ ದುಡಿಯುತ್ತದೆ. ಅದು ಕೆಟ್ಟರೆ ಬದಲಿಗೆ ನಿಲ್ಲಲು ಇನ್ನೊಂದಿಲ್ಲ.

“ಇದನ್ನು ನಾನು ಪಾಠ ಮಾಡ್ತೀನಿ ಮೇಡಂ,” ಎಂದಳು ರೇಣುಕಾ.

“ಹಾಗಾದರೆ ನಿಮಗೇ ಗೊತ್ತಾಗುತ್ತೆ. ಮಗಳಿಗೆ ಅಪ್ಪನಿಂದ ಬಂದಿದ್ದರೂ ಅದು ಮುಚ್ಚಿರೋ ಪ್ರತಿ. ಅವಳಿಗೆ ಭಯವಿಲ್ಲ. ನಿಮ್ಮ ಯಜಮಾನರ ತಾಯಿಯ ಕಡೆಯವರನ್ನು ಮಾತ್ರ ಪರೀಕ್ಷೆ ಮಾಡೋಣ.”

ಅವರು ನನ್ನ ಸೋದರಮಾವ, ಅವರ ತಾಯಿ ನನ್ನ ಅಜ್ಜಿ ಎಂದಳು ರೇಣುಕಾ. ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ನಿಮ್ಮ ತಾಯಿಗೆ ಯಾವತ್ತಾದರೂ ಗಡ್ಡೆ ಆಗಿತ್ತೇ ಎಂದು ಕೇಳಿದರು. ಇಲ್ಲ, ಗರ್ಭಕೋಶದ ಆಪರೇಷನ್ ಒಂದಾಗಿತ್ತು, ಆಗ ನಾನು ಧಾರವಾಡದಲ್ಲಿದ್ದೆ ಎಂದು ಹೇಳುತ್ತಿದ್ದಂತೆ ರೇಣುಕಾಳ ಮಾತು ನಿಧಾನವಾಯಿತು. ಆ ಆಪರೇಷನ್ ಮುಗಿದು ಅವ್ವ ಮನೆಗೆ ಬರುವತನಕ ಅವಳಿಗೆ ಯಾರೂ ತಿಳಿಸಿರಲಿಲ್ಲ.

ಮಗಳನ್ನು ಕರೆದುಕೊಂಡು ನೇರ ಹನುಮಸಾಗರದ ಬಸ್ಸು ಹತ್ತಿದಳು. ಹುಲಗಮ್ಮ ಅಲ್ಲಿ ಮೆಣಸಿನಕಾಯಿ ಬೀಜದ ಪ್ಲಾಟಿನಲ್ಲಿ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದಳು. ಹೆಣ್ಣು ಸಾಲಿನ ಮೊಗ್ಗು ಬಿಡಿಸಿ, ಗಂಡು ಸಾಲಿನ ಪರಾಗದ ಪುಡಿ ಮುಟ್ಟಿಸುವ ಕೆಲಸ. ರೇಣುಕಾಳ ತಮ್ಮ ಗೌತಮ ಅದೇ ಪ್ಲಾಟಿನ ಉಸ್ತುವಾರಿ. ಊಟದ ಹೊತ್ತು, ಉಳಿದ ಹೆಂಗಸರು ಮರದ ನೆರಳಿಗೆ ಹೋಗಿದ್ದರು, ಸುಕನ್ಯಾಳೂ ಅತ್ತ ಓಡಿದಳು. ಹುಲಗಮ್ಮ ಒಬ್ಬಳೇ ಗಿಡಗಳ ಸುತ್ತ ಕಟ್ಟಿದ ಬಲೆಯೊಳಗೆ ಸಾಲು ಮುಗಿಸುತ್ತಿದ್ದಳು.

ರೇಣುಕಾ ಸುತ್ತು ಬಳಸಲಿಲ್ಲ. ಆಪರೇಷನ್ನಿನ ಕಲೆ ತೋರಿಸು ಎಂದಳು.

ಹುಲಗಮ್ಮ ಮಗಳ ಮುಖ ನೋಡಿದಳು. ಏನೂ ಕೇಳದೆ ಸೆರಗು ಸರಿಸಿದಳು. ಕಲೆ ಕಿಬ್ಬೊಟ್ಟೆಯಲ್ಲಿರಲಿಲ್ಲ. ಪಕ್ಕೆಲುಬಿನ ಕೆಳಗಿನಿಂದ ಹೊರಟು ಬೆನ್ನಿನತನಕ ಹೋಗಿತ್ತು.

“ನಿನಗೂ ತಲಿ ಸಿಡೀತಿತ್ತೇನ?”

“ಸಿಡೀತಿತ್ತು.”

“ಬೆವರು?”

“ಅದೂ.”

ಆಮೇಲೆ ಹುಲಗಮ್ಮ ಮತ್ತೆ ಮೊಗ್ಗಿಗೆ ಕೈ ಹಾಕುತ್ತ ಹೇಳಿದಳು. ಆಪರೇಷನ್ ಮಾಡಿದ ಬಳ್ಳಾರಿಯ ಡಾಕ್ಟರು ಆಗಲೇ ಹೇಳಿದ್ದರಂತೆ: ಇದು ಮನೆತನದಲ್ಲಿ ಬರುವ ಗಡ್ಡೆ, ತಮ್ಮನನ್ನೂ ಮಕ್ಕಳನ್ನೂ ತೋರಿಸಿರಿ ಎಂದು. ತಾಯಿ ಮಗಳು, ಅಂದರೆ ಅಜ್ಜಿ ದುರುಗವ್ವ ಮತ್ತು ಹುಲಗಮ್ಮ ಇಬ್ಬರೇ ಕೂತು ವಿಚಾರ ಮಾಡಿದರು. ದುರುಗವ್ವನ ಅಪ್ಪ ಇದೇ ಬೆವರು, ಇದೇ ತಲೆನೋವಿನಲ್ಲಿ ಸತ್ತಿದ್ದ. ಆದರೆ ದುರುಗವ್ವ ಗಟ್ಟಿಮುಟ್ಟಾಗಿದ್ದಳು. ಅದು ತನ್ನ ತವರಿನ ಬೆಡಗಿನ, ಆ ವಂಶದ ರೋಗ, ಗಂಡುಮಗ ಅಪ್ಪನ ಬೆಡಗಿನವನು, ಕನಕರಾಜನಿಗೆ ಅದು ಹೇಗೆ ಬರುತ್ತದೆ ಎಂದು ಆಕೆ ತೀರ್ಮಾನ ಕೊಟ್ಟಳು. ಹುಲಗಮ್ಮನಿಗೆ ಬಂದದ್ದು ಹೆಣ್ಣಾದ್ದರಿಂದ. ಸುದ್ದಿ ಹೊರಬಿದ್ದರೆ ರೇಣುಕಾಳನ್ನು ಯಾರೂ ಒಲ್ಲರು. ಮನೆಯೊಳಗೇ ಕೊಟ್ಟುಬಿಟ್ಟರೆ ಕೇಳುವವರೇ ಇರುವುದಿಲ್ಲ.

ಊರೆಲ್ಲ ವಂಶವನ್ನು ಅಪ್ಪನ ಕಡೆಯಿಂದ ಎಣಿಸಿಕೊಂಡು ಬಂದಿತ್ತು. ಈ ಜೀನ್ ಅಪ್ಪನನ್ನು ಎಣಿಕೆಗೇ ತೆಗೆದುಕೊಂಡಿರಲಿಲ್ಲ. ದುರುಗವ್ವನಿಗೆ ಬಂದದ್ದು ಅಪ್ಪನದು, ಮುಚ್ಚಿದ ಪ್ರತಿ. ಅದಕ್ಕೇ ಆಕೆ ಗಟ್ಟಿ. ಆಕೆಯ ಹೊಟ್ಟೆಯಲ್ಲಿ ಹುಟ್ಟಿದವರಿಗೆ ಅದೇ ತಾಯಿಯ ಪ್ರತಿಯಾಯಿತು. ಇಷ್ಟನ್ನು ರೇಣುಕಾ ಕಪ್ಪುಹಲಗೆಯ ಮೇಲೆ ಬರೆದು ತೋರಿಸಬಲ್ಲವಳಾಗಿದ್ದಳು. ಅವರ ಆ ತಪ್ಪನ್ನು ಅವಳು ಕ್ಷಮಿಸಲೂಬಲ್ಲಳು. ಕ್ಷಮಿಸಲಾಗದ್ದು ಬೇರೆ.

“ಮಾವ ಬೆವರೋದು ನೀ ಕಣ್ಣಾರೆ ನೋಡಿದಿ. ನಮ್ಮ ಮನ್ಯಾಗ ಕುಂತು ಅವನ ಹಣಿ ಒರಿಸಿದಿ. ನಿನಗ ಗೊತ್ತಿತ್ತು.”

ಹುಲಗಮ್ಮ ಮುಂದಿನ ಗಿಡಕ್ಕೆ ಸರಿದಳು.

“ನೀ ಕೊಯ್ಸಿಕೊಂಡಿ, ಬದುಕಿದಿ. ಅವಗ ಒಂದು ಮಾತು ಹೇಳಿದ್ರ ಅವನೂ ಬದುಕ್ತಿದ್ದ.”

“ಹೇಳಿದ್ರ ನಿನ್ನ ತಲಿ ಮ್ಯಾಲಿನ ಆಣಿ ಸುಳ್ಳಾಕ್ಕಿತ್ತವಾ. ನೀ ನನ್ನ ಮಾರಿ ನೋಡ್ತಿದ್ದಿಲ್ಲ.”

ರೇಣುಕಾಳಿಗೆ ನಗು ಬರುವಂತಾಯಿತು, ಬರಲಿಲ್ಲ. ಹುಲಗಮ್ಮನಿಗೆ ಇನ್ನೂ ಹೇಳುವುದಿತ್ತು. ಈ ಸಂಗತಿ ಗೌತಮನ ಕಿವಿಗೆ ಬೀಳುವುದು ಬೇಡ, ಅವನಿಗೆ ತಾವರಗೇರಾದ ಹೆಣ್ಣು ನಿಶ್ಚಯವಾಗುತ್ತಿದೆ. ನೀನೂ ಪರೀಕ್ಷೆ ಗಿರೀಕ್ಷೆ ಮಾಡಿಸಬೇಡ, ನಾಳೆ ಸುಕನ್ಯಾಳನ್ನು ಯಾರು ಕೇಳುತ್ತಾರೆ ಎಂದಳು. ಬೇಡಿಕೊಂಡಳು ಎನ್ನುವುದಕ್ಕಿಂತ, ರೂಢಿಯಾದ ಕೆಲಸ ಹೇಳುವವರ ಹಾಗೆ ಹೇಳಿದಳು.

ಅಷ್ಟರಲ್ಲಿ ಗೌತಮ ಸೋದರಸೊಸೆ ಸುಕನ್ಯಾಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದ. “ಏನಕ್ಕಾ, ಮಾಸ್ತರಬಾಯಿ ಕ್ರಾಸಿಂಗ್ ಕಲಿಯಾಕ ಬಂದಿಯೇನ?” ಎಂದ. ಹುಲಗಮ್ಮ ಕಣ್ಣಲ್ಲೇ ಬೇಡವೆಂದಳು.

ರೇಣುಕಾ ಮಗುವನ್ನು ಇಳಿಸಿಕೊಂಡು ನೆರಳಿಗೆ ಕಳಿಸಿ, ತಮ್ಮನಿಗೆ ಎಲ್ಲವನ್ನೂ ಹೇಳಿದಳು. ಪಾಠದ ದನಿಯಲ್ಲೇ ಹೇಳಿದಳು. ಅವಳ ಹತ್ತಿರ ಬೇರೆ ದನಿ ಉಳಿದಿರಲಿಲ್ಲ. ಅವ್ವನಿಂದ ನಮ್ಮಿಬ್ಬರಲ್ಲಿ ಯಾರಿಗೆ ಬಂದಿದೆಯೋ ತಿಳಿಯದು. ನನಗೆ ಬಂದಿದ್ದರೆ ಸುಕನ್ಯಾಳಿಗೂ ಬಂದಿರಬಹುದು, ನನ್ನಿಂದ ಬಂದದ್ದು ಮುಚ್ಚಿದ ಪ್ರತಿಯಲ್ಲ. ಬೇಗ ಸಿಕ್ಕರೆ ಕೊಯ್ದು ತೆಗೆಯಬಹುದು.

ಗೌತಮ ಅವ್ವನ ಕಡೆ ತಿರುಗಿದ. “ನನಗೂ ಹೇಳ್ತಿದ್ದಿಲ್ಲೇನು?”

ಹುಲಗಮ್ಮನ ಕೈ ಆಗ ನಿಂತಿತು.

ಮರುದಿನ ಬೆಳಿಗ್ಗೆ ಅಕ್ಕ, ತಮ್ಮ, ಮಗು ಬಸ್ ಸ್ಟ್ಯಾಂಡಿನಲ್ಲಿದ್ದಾಗ ಹುಲಗಮ್ಮ ತೊಳೆದ ಸೀರೆಯುಟ್ಟು ಬಂದು ದೂರದಲ್ಲೇ ನಿಂತಳು. ತಾನೂ ಬರಲೇ ಎಂದು ಕೇಳಿದಳು.

“ಬಾ,” ಎಂದಳು ರೇಣುಕಾ. “ಡಾಕ್ಟರಿಗೆ ನಿನ್ನ ರಕ್ತಾನೂ ಬೇಕು.”

ಕೊಪ್ಪಳದ ಬಸ್ಸು ಬಂತು. ರೇಣುಕಾ ಮಗಳನ್ನು ಕಿಟಕಿಯ ಹತ್ತಿರ ಕೂರಿಸಿ, ಪಕ್ಕದಲ್ಲಿ ತಾನು ಕೂತು, ಉಳಿದ ಸೀಟಿನ ಮೇಲೆ ತನ್ನ ಚೀಲ ಇಟ್ಟಳು. ಹುಲಗಮ್ಮ ಒಂದು ಗಳಿಗೆ ಕಂಬಿ ಹಿಡಿದು ನಿಂತಿದ್ದು, ಹಿಂದಿನ ಸೀಟಿಗೆ ಹೋದಳು.