ಎಲೆ ಮೇಜು

ಹಳೆಯ ಕಂಪ್ಯೂಟರುಗಳನ್ನು ಬಿಚ್ಚಿ ತಂತಿ ಬೇರೆ, ತಗಡು ಬೇರೆ, ಬ್ಯಾಟರಿ ಬೇರೆ ಮಾಡುವ ಆ ಶೆಡ್ಡಿನಲ್ಲಿ ಎರಡು ಬಗೆಯ ಮೇಜುಗಳಿದ್ದವು. ಬೆನ್ನಿಗೆ ಹಸಿರು ಎಲೆಯ ಗುರುತಿಲ್ಲದ ಮಾಲು ಮರಳು ಮೇಜಿಗೆ ಹೋಗುತ್ತಿತ್ತು. ಅಲ್ಲಿ ಕೂತವರ ಮುಖಕ್ಕೆ ದಪ್ಪ ಗಾಜಿನ ಮರೆ, ಕೈಗೆ ತೊಗಲಿನ ಗವಸು, ಪಕ್ಕದಲ್ಲಿ ಮರಳು ತುಂಬಿದ ತೊಟ್ಟಿ. ಎಲೆಯ ಗುರುತಿದ್ದ ಮಾಲು ಎಲೆ ಮೇಜಿಗೆ. ಅಲ್ಲಿ ಇದ್ಯಾವುದೂ ಇಲ್ಲ. ಕಿಟಕಿಯ ಗಾಳಿ, ಬರಿಗೈ, ಹರಟೆ. ಎಲೆ ಅಂಟಿಸಿಕೊಂಡ ಯಂತ್ರದ ಬ್ಯಾಟರಿ ಸಾಮಾನ್ಯ ಉಪಕರಣದಿಂದ, ಒಬ್ಬರ ಕೈಗೆ, ಇಡಿಯಾಗಿ ಬರಬೇಕು ಎಂಬುದು ಆ ಗುರುತಿನ ನಿಯಮ. ನಿಯಮವೇ ಹಾಗಿದ್ದ ಮೇಲೆ ಮರಳೇಕೆ, ಗಾಜೇಕೆ ಎಂದು ಮೇಸ್ತ್ರಿ ಯಾವ ಕಾಲದಲ್ಲೋ ತೀರ್ಮಾನಿಸಿಬಿಟ್ಟಿದ್ದ. ಯಾರೂ ತಕರಾರು ತೆಗೆಯಲಿಲ್ಲ. ಎಲೆ ಮೇಜು ಸಿಕ್ಕವರನ್ನು ಕಂಡರೆ ಉಳಿದವರಿಗೆ ಹೊಟ್ಟೆಕಿಚ್ಚೇ ಆಗುತ್ತಿತ್ತು.

ಬಾವನಿಗೆ ಎಲೆ ಮೇಜು ಸಿಕ್ಕಿತ್ತು. ಬೆಳ್ಳಿ ಬಣ್ಣದ ಲ್ಯಾಪ್‌ಟಾಪೊಂದರ ಬ್ಯಾಟರಿ ಅವನ ಮುಖದೆದುರೇ ಭುಗ್ಗೆಂದು ಹೊತ್ತಿಕೊಂಡಿತು. ಈಗ ಒಂದು ಕಣ್ಣು ಪೂರಾ ಹೋಗಿದೆ, ಇನ್ನೊಂದಕ್ಕೆ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟು ಮಾತ್ರ ತಿಳಿಯುತ್ತದೆ. ಖಾಲಿಯಾದ ಅವನ ಜಾಗವನ್ನು ಮೇಸ್ತ್ರಿ ಕನಿಕರಪಟ್ಟು ಅವನ ಹೆಂಡತಿಗೆ, ಅಂದರೆ ಅಕ್ಕನಿಗೇ, ಕೊಟ್ಟ.

ಅಕ್ಕ-ಬಾವನ ಮನೆಯಲ್ಲೇ ಇದ್ದ ತಂಗಿಗೆ ಇದು ನುಂಗಲಾರದ ತುತ್ತಾಗಿತ್ತು. ಏಕೆಂದರೆ ಆ ಹಸಿರು ಎಲೆಯನ್ನು ಕೊಡುವ ಪರೀಕ್ಷಾಲಯದಲ್ಲಿ ಯಂತ್ರಗಳನ್ನು ಬಿಚ್ಚಿ ನೋಡುವ ಕೆಲಸ ಅವಳದೇ. ಮೆಲ್ಲಗೆ ಮಾತಾಡುತ್ತಾಳೆಂದು ಅಲ್ಲಿ ಅವಳಿಗೆ ‘ಪಿಸುಮಾತು’ ಎಂದು ಅಡ್ಡಹೆಸರು. ಬಾವನ ಕಣ್ಣು ತೆಗೆದ ಅದೇ ಮಾದರಿ ಆ ದಿನ ಎಲೆಯ ನವೀಕರಣಕ್ಕೆ ಅವಳ ಮುಂದೆ ಬರಲಿತ್ತು. ಎಲೆ ಹೋದರೆ ಆ ಮಾಲು ಮರಳು ಮೇಜಿಗೆ ಹೋಗುತ್ತದೆ, ಅಕ್ಕನ ಬರಿಗೈಗೆ ಸಿಗುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅಷ್ಟೇ.

"ಗಾಜಿನ ಮರೆನಾದ್ರೂ ಕೇಳಿ ಇಸ್ಕೊಳ್ಳೇ," ಎಂದಳು ಬೆಳಗ್ಗೆ.

ಅಕ್ಕ ಕನ್ನಡಿಯ ಮುಂದೆ ನಿಂತು ಜಡೆಯನ್ನು ಎಳೆದೆಳೆದು ಹೆಣೆಯುತ್ತಿದ್ದಳು. "ಎಲೆ ಮೇಜಲ್ಲಿ ಗಾಜು ಹಾಕ್ಕೊಂಡು ಕೂತ್ರೆ, ಇವಳೇನು ಚಂದ್ರಲೋಕಕ್ಕೆ ಹೊರಟವಳಾ ಅಂತ ಆಡ್ಕೊಂಡು ನಗ್ತಾರೆ. ಆಮೇಲೆ ಅಷ್ಟು ಭಯ ಇದ್ರೆ ಮನೇಲಿರಮ್ಮ ಅಂತಾನೆ ಮೇಸ್ತ್ರಿ."

"ನಕ್ಕರೆ ನಗಲಿ."

"ನಿಂಗೇನು, ನಿನ್ನ ನೋಡಿ ಯಾರೂ ನಗಲ್ಲ. ನೀನಿದ್ದೀಯ ಅಂತ ಗೊತ್ತಾದ್ರೆ ತಾನೇ ನಗೋದು!" ಅಕ್ಕ ಕೆನ್ನೆ ಹಿಂಡಿದಳು. ನಗು ಅರ್ಧಕ್ಕೇ ಇಳಿದುಹೋಯಿತು. ಒಳಕೋಣೆಯಲ್ಲಿ ಬಾವ ಲೋಟಕ್ಕಾಗಿ ಕೈಯಾಡಿಸುವ ಸದ್ದು ಇಬ್ಬರಿಗೂ ಕೇಳಿತ್ತು.

ತಂಗಿ ಹೋಗಿ ಲೋಟವನ್ನು ಅವನ ಕೈಗೆ ತಾಗಿಸಿಟ್ಟಳು. ಬಾವ ಮುಖ ಎತ್ತದೆ ಹೇಳಿದ: "ಕಂಪನಿಯವರು ಕಳಿಸಿದ್ದನ್ನ ನಂಬಬೇಡ ಪುಟ್ಟಿ. ಅಂಗಡಿದು ತರಿಸು. ಬ್ಯಾಟರಿ ಕೆಳಗೆ ಎಳೆಯೋಕೆ ಒಂದು ಪಟ್ಟಿ ಇರುತ್ತಲ್ಲ, ಎಳೆದ್ರೆ ಅಂಟು ಬಿಡಬೇಕು. ನಂದು ಅರ್ಧಕ್ಕೇ ಕಿತ್ಕೊಂಡು ಬಂತು. ಆಮೇಲೆ ಬ್ಯಾಟರಿನೇ ಹಿಡಿದು ಎಳೆದೆ. ಅದು ಬಾಗಿತು. ಅಷ್ಟೇ ಕಂಡಿದ್ದು."

ಪರೀಕ್ಷೆಯ ಕೋಣೆ ಆಸ್ಪತ್ರೆಯಂತೆ ಬೆಳ್ಳಗಿತ್ತು. ಮೇಜಿನ ಮೇಲೆ ಟ್ರೇ. ಅದರಲ್ಲಿ ಸ್ಕ್ರೂಡ್ರೈವರುಗಳು, ಚಿಮಟ, ಪ್ಲಾಸ್ಟಿಕ್ಕಿನ ಚಪ್ಪಟೆ ಕಡ್ಡಿ. ಮುಖಕ್ಕೆ ಗಾಜು, ಕೈಗೆ ಗವಸು, ಕಾಲಬುಡದಲ್ಲಿ ಮರಳು. ಎಲೆ ಮೇಜಿಗೆ ಬೇಡವಾದದ್ದೆಲ್ಲ ಇಲ್ಲಿ ಸಾಲಾಗಿ ಜೋಡಿಸಿತ್ತು. ಎದುರಿಗೆ ತೀರ್ಪು ಕೊಡುವ ಸಾಹೇಬರು. ನರೆತ ಹುಬ್ಬಿನ, ದನಿ ಏರಿಸದ ಮನುಷ್ಯ. ಅವರ ಪಕ್ಕದಲ್ಲಿ ಕಂಪನಿಯವನು, ಸೆಂಟಿನ ಘಮಘಮದ ಜೊತೆಗೆ.

"ಈ ಯಂತ್ರದಿಂದ ನಿನಗಾಗಲಿ ನಿನ್ನವರಿಗಾಗಲಿ ಲಾಭ ನಷ್ಟ ಏನಾದ್ರೂ ಇದೆಯಾ?" ಪ್ರತಿ ಪರೀಕ್ಷೆಗೂ ಮೊದಲು ಸಾಹೇಬರು ಕೇಳುವ ಪ್ರಶ್ನೆ ಇದು. ಇದೆ ಎಂದರೆ ಪರೀಕ್ಷೆ ಬೇರೆಯವರ ಪಾಲು. ಬೇರೆಯವರು ಅಂಗಡಿಯ ಮಾಲು ಕೇಳುವುದಿಲ್ಲ.

"ಇಲ್ಲ ಸರ್," ಎಂದಳು. ಹುಟ್ಟಿದ ಮೇಲೆ ಇಷ್ಟು ಗಟ್ಟಿಯಾಗಿ ಸುಳ್ಳು ಹೇಳಿದ್ದು ಅದೇ ಮೊದಲು.

ಕಂಪನಿ ಕಳಿಸಿದ ಯಂತ್ರ ಬೆಣ್ಣೆಯಂತೆ ಬಿಚ್ಚಿಕೊಂಡಿತು. ಪಟ್ಟಿ ಎಳೆದರೆ ರಬ್ಬರಿನಂತೆ ಉದ್ದಕ್ಕೆ ಬಂದು, ಬ್ಯಾಟರಿ ತಾನಾಗಿ ಎದ್ದು ಕೂತಿತು.

"ನೋಡಿದ್ರಾ ಸಾಹೇಬ್ರೇ? ಮಕ್ಕಳೂ ಬಿಚ್ಚಬಹುದು!" ಕಂಪನಿಯವನು ಎದ್ದೇಬಿಟ್ಟ.

"ಸರ್," ಎಂದಳು ತಂಗಿ. "ಅಂಗಡಿಯಿಂದ ಒಂದು ತರಿಸಿ. ಕೇಳೋಕೆ ಅವಕಾಶ ಇದೆ."

ಕಂಪನಿಯವನು ಅಲ್ಲೇ ಕೂತ. ಸಾಹೇಬರು ಅವಳನ್ನು ಮೊದಲ ಸಲ ನೋಡುವಂತೆ ನೋಡಿದರು. "ಪಿಸುಮಾತಿಗೂ ಬಾಯಿ ಇದೆ ಅನ್ನು," ಎಂದು ನಕ್ಕು, ಕೂಡಲೇ ಆಳು ಕಳಿಸಿದರು. ಇಷ್ಟು ಸಲೀಸಾಗಿ ಬಾಗಿಲು ತೆರೆದುಕೊಳ್ಳುತ್ತದೆಂದು ಅವಳು ಅಂದುಕೊಂಡಿರಲಿಲ್ಲ.

ಊಟದ ಹೊತ್ತು ಕಳೆದ ಮೇಲೆ ಅಂಗಡಿಯ ಯಂತ್ರ ಬಂತು. ಅದೇ ಬೆಳ್ಳಿ ಬಣ್ಣ, ಬೆನ್ನಿಗೆ ಅದೇ ಎಲೆ. ತಿರುಪುಗಳು ಬಿಚ್ಚಿಕೊಂಡವು. ಬೆನ್ನಿನ ತಗಡು ಕಳಚಿತು. ಅವಳು ಪಟ್ಟಿಯ ತುದಿ ಹಿಡಿದು ಎಳೆದಳು. ಒಂದಿಷ್ಟು ಬಂದು ಪಟಕ್ಕೆಂದು ಕಿತ್ತುಹೋಯಿತು.

ಬಾವ ಹೇಳಿದ್ದು ಅಕ್ಷರಕ್ಕೆ ಅಕ್ಷರ ನಿಜ.

ಈಗ ಮಾಡಬೇಕಾದದ್ದು ಅವಳಿಗೆ ಗೊತ್ತಿತ್ತು. ಅವನು ಎಳೆದಂತೆ ಎಳೆಯಬೇಕು. ಬ್ಯಾಟರಿಯ ಅಂಚು ಹಿಡಿದು, ಜಗ್ಗಿ. ಬಾಗಲಿ, ಹೊಗೆಯಾಡಲಿ, ಹೊತ್ತಿಕೊಳ್ಳಲಿ. ಮುಖಕ್ಕೆ ಗಾಜಿದೆ, ಕಾಲಬುಡದಲ್ಲಿ ಮರಳಿದೆ, ತನಗೇನೂ ಆಗುವುದಿಲ್ಲ. ಸಾಹೇಬರ ಕಣ್ಣೆದುರೇ ಎಲೆ ಸುಟ್ಟುಹೋಗುತ್ತದೆ. ಅವಳು ಅಂಚಿಗೆ ಬೆರಳು ಹಾಕಿದಳು.

ಹಾಕಿದ್ದಷ್ಟೇ. ಬಾವನ ಮುಖದ ಬ್ಯಾಂಡೇಜು ಬಿಚ್ಚುವಾಗ ಹತ್ತಿ ಚರ್ಮಕ್ಕೆ ಅಂಟಿಕೊಂಡು ಬರುತ್ತಿತ್ತಲ್ಲ, ಆ ವಾಸನೆ ಗಾಜಿನೊಳಗೆಲ್ಲ ತುಂಬಿಕೊಂಡಂತಾಯಿತು. ಬೆರಳು ಎಳೆಯಲಿಲ್ಲ. ಎಳೆ, ಎಳೆ ಎಂದು ಮನಸ್ಸು ಕೂಗಿಕೊಳ್ಳುತ್ತಿತ್ತು. ಕೈ ತನ್ನ ಪಾಡಿಗೆ ತಾನು ಟ್ರೇಯ ಕಡೆ ಹೋಗಿ, ಚಪ್ಪಟೆ ಕಡ್ಡಿ ತೆಗೆದುಕೊಂಡು, ಬ್ಯಾಟರಿಯ ಮೂಲೆಗೆ ಮೆಲ್ಲಗೆ ತೂರಿಸಿತು. ಒಂದು ಕೂದಲೆಳೆಯಷ್ಟು ಒಳಕ್ಕೆ. ನಿಲ್ಲು. ಇನ್ನೊಂದು ಕೂದಲೆಳೆ. ಬ್ಯಾಟರಿ ಬಾಗದಂತೆ ಅಂಗೈ ಆನಿಸಿ, ಉಸಿರು ಬಿಗಿಹಿಡಿದು. ಆ ಮೇಜಿಗೆ ಬಂದಾಗಿನಿಂದ ಒಂದೇ ಒಂದು ಬ್ಯಾಟರಿಯನ್ನೂ ಬಗ್ಗಿಸದ ಕೈ ಅದು. ಹೆದರಿದಷ್ಟೂ ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಬರ್ತಿಲ್ಲ ಸರ್ ಎಂದು ಕಡ್ಡಿ ಕೆಳಗಿಡೋಣವೆಂದುಕೊಂಡಳು. ಅಷ್ಟರಲ್ಲಿ, "ಮೂಲೆ ಎದ್ದಿದೆ ಮೇಡಂ, ಎದ್ದೇಬಿಟ್ಟಿದೆ!" ಎಂದು ಕಂಪನಿಯವನು ಬಗ್ಗಿ ತೋರಿಸಿದ. ಎದ್ದಿತ್ತು. ಎಲ್ಲರಿಗೂ ಕಾಣುವಂತೆ ಎದ್ದಿತ್ತು.

ಕಿಟಕಿಯ ಬಿಸಿಲು ಮೇಜಿನಿಂದ ಇಳಿದು ನೆಲಕ್ಕೆ ಸರಿಯುವ ಹೊತ್ತಿಗೆ ಬ್ಯಾಟರಿ ಇಡಿಯಾಗಿ ಅವಳ ಅಂಗೈಗೆ ಬಂತು. ಒಂದು ಗೀರೂ ಇಲ್ಲ.

"ಸರ್ಜನ್ ಕೈ ಕಣ್ರೀ ಇದು!" ಕಂಪನಿಯವನು ಚಪ್ಪಾಳೆ ತಟ್ಟಿದ.

ಅವನು ಹೊರಟ ಮೇಲೆ ಅವಳು ಸಾಹೇಬರ ಮುಂದೆ ನಿಂತಳು. ಎಲ್ಲವನ್ನೂ ಹೇಳಿದಳು. ಬಾವನ ಕಣ್ಣು, ಅಕ್ಕನ ಬರಿಗೈ, ಬೆಳಗಿನ ಸುಳ್ಳು. ಸಾಹೇಬರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಮೊದಲೇ ಹೇಳಬಾರದಿತ್ತೇನಮ್ಮಾ? ಈಗ ನಾನು ಇದನ್ನ ಕೇಳಿಸ್ಕೊಂಡೆ ಅಂದ್ರೆ ಪರೀಕ್ಷೆ ರದ್ದು. ರದ್ದಾದ್ರೆ ಮುಂದಿನ ಸರದಿವರೆಗೂ ಹಳೇ ಎಲೆನೇ ನಡೆಯುತ್ತೆ. ನಿನ್ನ ಕೆಲಸಾನೂ ಹೋಗುತ್ತೆ. ಕೇಳಿಸ್ಕೊಳ್ಳಲಿಲ್ಲ ಅಂದ್ರೆ ಹೊಸ ಎಲೆ."

"ಅಲ್ಲಿ ಯಾರೂ ಹೀಗೆ ಬಿಡಿಸಲ್ಲ ಸರ್. ಎಳೀತಾರೆ. ಅಷ್ಟು ಹೊತ್ತು ಅವರಿಗೆ ಯಾರು ಕೊಡ್ತಾರೆ?"

"ನಿಯಮದಲ್ಲಿ ಹೊತ್ತಿನ ಮಾತೇ ಇಲ್ಲವಲ್ಲಮ್ಮಾ. ಒಬ್ಬರ ಕೈಗೆ ಇಡಿಯಾಗಿ ಬರಬೇಕು ಅಂತಿದೆ. ಬಂತು. ನಾನೇ ಕೂತು ನೋಡಿದೆ." ಅವರು ಕನ್ನಡಕ ಹಾಕಿಕೊಂಡರು. ದನಿಯಲ್ಲಿ ಕೋಪವಿರಲಿಲ್ಲ. "ಒಂದು ಸಲ ಎಳೆದುಬಿಟ್ಟಿದ್ರೆ ಆಗ್ತಿತ್ತು. ಯಾಕೆ ಎಳೀಲಿಲ್ಲ?"

ಅವಳು ಮೇಜಿನ ಮೇಲಿದ್ದ ಕಡ್ಡಿಯನ್ನು ಒರೆಸಿ ಟ್ರೇಯಲ್ಲಿಟ್ಟಳು.

ಸಂಜೆ ಮನೆಗೆ ಬಂದಾಗ ಅಕ್ಕ ಶೆಡ್ಡಿನ ಬಟ್ಟೆಯಲ್ಲೇ ತರಕಾರಿ ಹೆಚ್ಚುತ್ತಿದ್ದಳು. ಬಾವ ಗೋಡೆಗೊರಗಿ ಕೂತಿದ್ದವನು ಚಪ್ಪಲಿಯ ಸದ್ದಿಗೇ ನೆಟ್ಟಗಾದ.

"ಏನಾಯ್ತು ಪುಟ್ಟಿ? ಅಂಗಡಿದು ತರಿಸಿದ್ಯಾ?"

"ತರಿಸಿದೆ ಬಾವ."

"ಪಟ್ಟಿ?"

"ಕಿತ್ತುಹೋಯ್ತು. ನೀವು ಹೇಳಿದ ಹಾಗೇ."

"ನೋಡಿದ್ಯೇನೇ!" ಬಾವ ಹೆಂಡತಿಯಿದ್ದ ದಿಕ್ಕಿಗೆ ಮುಖ ತಿರುಗಿಸಿ ತೊಡೆ ತಟ್ಟಿಕೊಂಡ. ಎಷ್ಟೋ ದಿನದ ಮೇಲೆ ಅವನ ಮುಖದ ಸುಟ್ಟ ಚರ್ಮ ನಗುವಿಗೆ ಬಿಗಿದುಕೊಂಡಿತು. "ನಾನು ಬಡ್ಕೊಳ್ಳಲಿಲ್ವಾ? ಆಮೇಲೆ? ಹೊತ್ಕೊಂಡ್ತಾ?"

ಅಕ್ಕನ ಚಾಕು ನಿಂತಿತು. ತಂಗಿಗೆ ಮನೆಯೊಳಗಿಂದ ಓಡಿಹೋಗೋಣವೆನಿಸಿತು. ಆದರೆ ಕಣ್ಣಿಲ್ಲದವನಿಗೆ ಸುಳ್ಳು ಹೇಳಲು ಮನಸ್ಸು ಬರಲಿಲ್ಲ.

"ಇಲ್ಲ ಬಾವ. ಕಡ್ಡಿ ಹಾಕಿ ಬಿಡಿಸಿದೆ. ಇಡಿಯಾಗಿ ಬಂತು. ಎಲೆ ಸಿಕ್ಕಿತು."

ಬಾವನ ಮುಖದ ಬಿಗಿತ ಮೆಲ್ಲಮೆಲ್ಲಗೆ ಸಡಿಲವಾಯಿತು. ಎರಡೂ ಕೈಗಳನ್ನು ತೊಡೆಯ ಮೇಲೆ ಬೋರಲು ಹಾಕಿ, ಒಂದು ಕೈಯ ಬೆರಳುಗಳನ್ನು ಇನ್ನೊಂದು ಕೈಯಿಂದ ಮುಟ್ಟಿ ಮುಟ್ಟಿ ನೋಡಿಕೊಂಡ.

"ಬರುತ್ತೆ ಅನ್ನು ಹಾಗಾದ್ರೆ," ಎಂದ. "ನನ್ನ ಕೈದೇ ತಪ್ಪು."

"ಇಲ್ಲ ಬಾವ, ಅದು ಹಾಗಲ್ಲ..."

"ಬಿಡು ಪುಟ್ಟಿ. ಇಷ್ಟು ದಿನ ಯಂತ್ರಕ್ಕೆ ಬೈಕೊಂಡು ಕೂತಿದ್ದೆ."

ಅಕ್ಕ ಸೆರಗಿನಿಂದ ಮೂಗೊರೆಸಿಕೊಂಡಳು. ಚಾಕು ಮತ್ತೆ ನಡೆಯಿತು. "ನಂಗೆ ಅದು ಹೇಗೆ ಬಿಡಿಸೋದು ಅಂತ ಹೇಳ್ಕೊಡೇ," ಎಂದಳು ತಲೆಯೆತ್ತದೆ.

ತಂಗಿ ಪಕ್ಕದಲ್ಲಿ ಕೂತು, ಡಬ್ಬದ ಮುಚ್ಚಳಕ್ಕೆ ಚಮಚದ ಹಿಡಿ ತೂರಿಸಿ ತೋರಿಸಿದಳು. ಇಷ್ಟೇ ಇಷ್ಟು ಒಳಕ್ಕೆ, ಆಮೇಲೆ ನಿಲ್ಲಬೇಕು, ಅಂಗೈ ಆನಿಸಬೇಕು. ಅಕ್ಕ ಕೊನೆಯವರೆಗೂ ಸುಮ್ಮನೆ ನೋಡಿದಳು.

"ನೀನು ಒಂದು ಬಿಡಿಸೋ ಹೊತ್ತಿಗೆ ನನ್ನ ಪಕ್ಕದವಳು ಬುಟ್ಟಿ ತುಂಬಿಸಿ ಎದ್ದು ಹೋಗಿರ್ತಾಳೆ ಕಣೇ," ಎಂದು ಚಮಚವನ್ನು ಅವಳ ಕೈಯಿಂದ ತೆಗೆದು ಸಾರಿಗೆ ಹಾಕಿದಳು. "ಏಳು, ತಟ್ಟೆ ಹಾಕು."