ದೇವವ್ವನ ಕಾಲು

ಇಸಾಕ ಮುಂಬಯಿಯಿಂದ ಬೆಟಗೇರಿಗೆ ಮರಳಿದ್ದು ೧೯೫೫ರ ಮಳೆಗಾಲದಲ್ಲಿ. ಹದಿನಾಲ್ಕು ವರ್ಷ ಸುದ್ದಿಚಿತ್ರ ತೆಗೆಯುವವರ ಹಿಂದೆ ಕ್ಯಾಮರಾ ಹೊತ್ತು ತಿರುಗಿದ್ದ, ಆಮೇಲೆ ತಾನೇ ತೆಗೆಯುವಷ್ಟು ಕಲಿತಿದ್ದ, ಕೊನೆಗೆ ಎದೆಬೇನೆ ಹತ್ತಿಸಿಕೊಂಡು ಬಂದ. ತಂದದ್ದು ಒಂದು ಟ್ರಂಕು, ಕೀಲಿ ಕೊಟ್ಟು ಓಡಿಸುವ ಒಂದು ಹಳೆಯ ಕ್ಯಾಮರಾ, ಅಷ್ಟೇ. ಸೀರೆ ನೇಯುವ ತಮ್ಮನ ಮನೆಯಲ್ಲಿ ಮಗ್ಗದ ಹಿಂದಿನ ಕೋಣೆಯಲ್ಲಿ ಉಳಿದುಕೊಂಡ.

"ದೊಡ್ಡವರು ಮೋಟಾರಿನಿಂದ ಇಳಿಯೂದನ್ನ ಬೇಕಾದಷ್ಟು ತಗದೇನಿ. ಇನ್ನ ನಮ್ಮ ಹುಡುಗರು ತಮ್ಮ ಊರಿನ ಕಷ್ಟ ತಾವ ತಗೀಲಿ. ನೋಡಿದ ಮಂದಿ ಸುಮ್ಮನ ಕುಂಡ್ರಾಂಗಿಲ್ಲ" ಎಂದು ತಮ್ಮನಿಗೆ ಹೇಳಿದ.

ಲಕ್ಷ್ಮೇಶ್ವರದ ವಾಚನಾಲಯದವರು ರವಿವಾರಕ್ಕೊಮ್ಮೆ ಒಂದು ಕೋಣೆ ಬಿಟ್ಟುಕೊಟ್ಟರು. ಮೊದಲ ದಿನ ಎಂಟು ಮಂದಿ ಬಂದರು. ಸಿನಿಮಾ ಎಂದರೆ ಹಾಡು, ಕುಣಿತ ಎಂದುಕೊಂಡಿದ್ದವರು ಒಬ್ಬೊಬ್ಬರಾಗಿ ಬಿಟ್ಟರು. ದೀಪಾವಳಿಯ ಹೊತ್ತಿಗೆ ಉಳಿದವರು ಇಬ್ಬರೇ: ಕಾಳಿನ ಪೇಟೆಯಲ್ಲಿ ತೂಕ ಮಾಡುವ ಕುಬೇರಪ್ಪ, ಹೆಣ್ಣುಮಕ್ಕಳ ಶಾಲೆಗೆ ಹೊಸದಾಗಿ ಬಂದಿದ್ದ ಹತ್ತೊಂಬತ್ತು ವರ್ಷದ ಅಕ್ಕೋರು ಹನಮಂತವ್ವ.

ಇಸಾಕನ ಹತ್ತಿರ ರೀಲು ಇರಲಿಲ್ಲ. ಕಡ್ಡಿಪೆಟ್ಟಿಗೆಯ ತಳ ಕಿತ್ತು ಕೈಗೆ ಕೊಟ್ಟು, ಅದರೊಳಗಿಂದ ಪೇಟೆ ನೋಡಿ ಬರಲು ಕಳಿಸುತ್ತಿದ್ದ. ಬಂದು, ಏನು ಕಂಡಿತೆಂದು ಹೇಳಬೇಕು. ಕುಬೇರಪ್ಪ ಚಕ್ಕಡಿ, ಚೀಲ, ದಲಾಲರು ಎಂದು ಎಲ್ಲವನ್ನೂ ಒಮ್ಮೆಲೇ ಹೇಳುತ್ತಿದ್ದ. ಹನಮಂತವ್ವ ಒಮ್ಮೆ, "ಕಾಳು ಆರಿಸೋ ಮುದುಕಿ ಬೆರಳು ನೋಡಿದೆರಿ. ಬ್ಯಾರೆ ಏನೂ ನೋಡಾಕ ಆಗಲಿಲ್ಲ" ಅಂದಳು. ಇಸಾಕ ಅವಳನ್ನೇ ದಿಟ್ಟಿಸಿ, "ನೀ ಕಲತಿ ಬಿಡವಾ" ಅಂದ.

ಯಾವುದರ ಮೇಲೆ ಚಿತ್ರ ತೆಗೆಯೋಣ ಎಂದು ಕೇಳಿದಾಗ ದಾರಿ ತೋರಿಸಿದವಳೂ ಅವಳೇ.

"ನಮ್ಮೂರಾಗ ಬ್ಯಾಸಗಿ ಬಂತಂದ್ರ ಮಂದಿ ಕಾಲಾಗ ನಾರು ಹೊರಡತೈತ್ರಿ. ಬಿತ್ತೂ ಹೊತ್ತಿಗೆ ಎಷ್ಟೋ ಮಂದಿ ಹಾಸಿಗಿ ಹಿಡದಿರತಾರ."

ಅವಳ ಊರು ಮೆಟ್ಟಿನಹಾಳ, ಯಳವತ್ತಿಯ ಕಡೆಯ ಎರೆಭೂಮಿಯ ಸಣ್ಣ ಹಳ್ಳಿ. ಇದ್ದದ್ದು ಒಂದೇ ಮೆಟ್ಟಿಲು ಬಾವಿ. ಗದಗಿನ ಒಬ್ಬ ಡಾಕ್ಟರರು ವಿಷಯ ತಿಳಿಸಿಕೊಟ್ಟರು. ನಾರು ಎಂದರೆ ದಾರದಂಥ ಹುಳ. ಹುಣ್ಣಿನ ಕಾಲು ನೀರಿನಲ್ಲಿ ಇಟ್ಟರೆ ಅದರ ಮರಿಗಳು ಬಾವಿಗೆ ಬೀಳುತ್ತವೆ. ಆ ನೀರು ಕುಡಿದವರ ಕಾಲಲ್ಲಿ ಮರುವರ್ಷ ಹುಳ ಹೊರಬರುತ್ತದೆ. ಮೆಟ್ಟಿಲು ಮುಚ್ಚಿ ಗಾಲಿ ಹಾಕಿ ಹಗ್ಗದಿಂದ ಸೇದಿದರೆ, ಬಟ್ಟೆಯಲ್ಲಿ ಸೋಸಿ ಕುಡಿದರೆ ರೋಗ ನಿಲ್ಲುತ್ತದೆ. ಡಾಕ್ಟರರೇ ನಾಲ್ಕು ರೀಲು ಕೊಡಿಸಿದರು.

೧೯೫೬ರ ಯುಗಾದಿ ಕಳೆದ ಮೇಲೆ ಮೂವರೂ ಮೆಟ್ಟಿನಹಾಳಕ್ಕೆ ಹೋದರು. ಹನಮಂತವ್ವನ ಚಿಗವ್ವ ದೇವವ್ವನ ಎಡಗಾಲಿನಲ್ಲಿ ನಾರು ಹೊರಟಿತ್ತು. ಹುಳದ ತುದಿಯನ್ನು ಒಂದು ಕಡ್ಡಿಗೆ ಸುತ್ತಿ, ದಿನಕ್ಕೆ ಬೆರಳಗಲ ಎಳೆದು, ಎಣ್ಣೆಬಟ್ಟೆ ಕಟ್ಟಿಕೊಂಡು ಅವಳು ಬಾವಿಗೆ ಇಳಿದು ಏರುತ್ತಿದ್ದಳು.

"ಚಿಗವ್ವಾ, ನಿನ್ನ ಕಾಲಿಂದು ಚಿತ್ರ ತಗೀಲೇನು?" ಹನಮಂತವ್ವ ಕೇಳಿದಳು.

ದೇವವ್ವ ನಕ್ಕಳು. "ಇದೇನು ಚಂದಂತ ತಗೀತಿಯವಾ? ಮಂದಿಗೆ ಚಲೋ ಆಗತೈತಂದ್ರ ತಗೋ. ಮಖಾ ಮಾತ್ರ ಬ್ಯಾಡ. ಮಂದಿ ಗುರ್ತ ಹಿಡೀತಾರ."

ಹಾಗಾಗಿ ಹನಮಂತವ್ವ ಮುಖ ತೆಗೆಯಲಿಲ್ಲ. ಮೆಟ್ಟಿಲ ಮೇಲಿನ ಹೆಜ್ಜೆ, ಕೊಡ ಮುಳುಗಿಸುವ ಕೈ, ನೀರಿನಲ್ಲಿ ನಿಂತ ಕಾಲು ತೆಗೆದಳು. ಇಸಾಕ ಹಿಂದೆ ನಿಂತು, "ಇನ್ನೂ ಹತ್ರ ಹೋಗು" ಎಂದು ಮೆಲ್ಲಗೆ ಹೇಳುತ್ತಿದ್ದ.

ರೀಲುಗಳು ಮುಂಬಯಿಗೆ ಹೋಗಿ ತೊಳೆಸಿಕೊಂಡು ಬಂದವು. ಬೆಟಗೇರಿಯ ಕೋಣೆಯಲ್ಲಿ ಮೂವರೂ ಕೂತು ಕತ್ತರಿಸಿ ಅಂಟಿಸಿ ಹನ್ನೊಂದು ನಿಮಿಷದ ಚಿತ್ರ ಮಾಡಿದರು. ಮೊದಲು ಗದಗಿನಲ್ಲಿ ತೋರಿಸೋಣ ಎಂದು ಕುಬೇರಪ್ಪ ಅಂದ. ಇಸಾಕ ಒಪ್ಪಲಿಲ್ಲ. ತನ್ನ ಶಿಷ್ಯರ ಕೆಲಸ ನೋಡಿ ಅವನಿಗೆ ಹೆಮ್ಮೆ ಉಕ್ಕಿತ್ತು.

"ಯಾರ ಬಾವಿನೋ ಅವರ ಮೊದಲ ನೋಡಬೇಕು. ಅಲ್ಲೇ ತೋರಸೂಣು" ಅಂದ.

ಮೇ ತಿಂಗಳ ಕೊನೆಯ ಒಂದು ಸಂಜೆ ಡಾಕ್ಟರರ ಜೀಪಿನಲ್ಲಿ ಚಿತ್ರ ತೋರಿಸುವ ಯಂತ್ರ ಬಂತು. ಶಾಲೆಯ ಗೋಡೆಗೆ ಧೋತರ ಕಟ್ಟಿದರು. ಚಿತ್ರಕ್ಕೆ ಮಾತಿರಲಿಲ್ಲ. ಹನಮಂತವ್ವ ಪಕ್ಕದಲ್ಲಿ ನಿಂತು ಹೇಳುತ್ತಿದ್ದಳು. ತಮ್ಮ ಓಣಿ, ತಮ್ಮ ಎತ್ತು ಕಂಡು ಜನ ಹೋ ಎಂದು ಕೂಗಿದರು. ಆಮೇಲೆ ಗೋಡೆಯ ತುಂಬ ಒಂದು ಕಾಲು ಬಂತು. ಮೀನಖಂಡದ ಮೇಲೆ ತುಳಸಿಕಟ್ಟೆಯ ಹಚ್ಚೆ, ಕೆಳಗೆ ಹುಣ್ಣು, ಕಡ್ಡಿಗೆ ಸುತ್ತಿದ ಬಿಳಿ ಎಳೆ. ಕಾಲು ನೀರಿಗೆ ಇಳಿಯಿತು.

"ಹುಣ್ಣಾದವರು ಬಾವಿಗೆ ಇಳಿಯಬಾರದು. ಅವರಿಂದಲೇ ರೋಗ ಊರಿಗೆಲ್ಲ ಹರಡುತ್ತದೆ" ಎಂದು ಹನಮಂತವ್ವ ಬರೆದುಕೊಂಡಿದ್ದನ್ನು ಓದಿದಳು.

ಕತ್ತಲೆಯಲ್ಲಿ ಒಬ್ಬಳು, "ಅದು ಅಂದಪ್ಪನ ಹೇಣ್ತಿ ಕಾಲಲ್ಲೇನ?" ಅಂದಳು. ಇನ್ನೊಬ್ಬಳು, "ಹೌದ ಹೌದು, ದೇವವ್ವಂದ" ಅಂದಳು. ಹೆಂಗಸರ ನಡುವೆ ಕೂತಿದ್ದ ದೇವವ್ವ ಸೀರೆಯ ನಿರಿಗೆ ಎಳೆದು ಕಾಲು ಮುಚ್ಚಿಕೊಂಡಳು. ಮಗ್ಗುಲಲ್ಲಿದ್ದವರು ಸರಿದು ಕೂತರು.

ಆ ವರ್ಷ ಮೆಟ್ಟಿನಹಾಳದಲ್ಲಿ ನಾರಾದವರು ಹದಿನೇಳು ಮಂದಿ. ಗೋಡೆಯ ಮೇಲೆ ಬಂದದ್ದು ಒಬ್ಬಳ ಕಾಲು.

ಮರುದಿನ ಬೆಳಿಗ್ಗೆ ಬಾವಿಯ ಬಾಯಲ್ಲಿ ಊರ ಹಿರಿಯ ಹುಚ್ಚೀರಪ್ಪನ ತಾಯಿ ಮುದುಕವ್ವ ನಿಂತಿದ್ದಳು. ಕೊಡ ಹಿಡಿದು ಬಂದ ದೇವವ್ವನಿಗೆ, "ನೀ ಇಳೀಬ್ಯಾಡ. ನಿನ್ನ ಅಕ್ಕನ ಮಗಳ ಹೇಳ್ಯಾಳಲ್ಲ" ಅಂದಳು. ಮಾತು ತಪ್ಪಾಗಿರಲಿಲ್ಲ. ಆದರೆ ಅವಳ ಕೊಡ ಇಸಿದುಕೊಂಡು ನೀರು ತುಂಬಿ ಕೊಡಲು ಯಾರೂ ಮುಂದೆ ಬರಲಿಲ್ಲ. ಅವಳು ಒಂದು ಮೈಲಿ ದೂರದ ಹಳ್ಳಕ್ಕೆ ಹೋಗಿ, ಉಸುಕು ತೋಡಿ, ಒಸರಿದ ನೀರು ತುಂಬಿಕೊಂಡು ಬರತೊಡಗಿದಳು. ಅಷ್ಟರಲ್ಲಿ ಅದೇ ಕಾಲಲ್ಲಿ ಎರಡನೆಯ ನಾರು ಹೊರಟಿತ್ತು. ಹನ್ನೆರಡನೆಯ ದಿನ ಹಳ್ಳದ ದಂಡೆ ಏರುವಾಗ ಜಾರಿ ಬಿದ್ದಳು. ಹುಳ ಕಾಲೊಳಗೇ ಹರಿದು ತುಂಡಾಯಿತು. ಮೊಣಕಾಲಿನವರೆಗೆ ಬಾವು, ಜ್ವರ. ಅಂದಪ್ಪ ಚಕ್ಕಡಿ ಹೂಡಿ ಗದಗಿಗೆ ಒಯ್ಯುವ ಹೊತ್ತಿಗೆ ನಂಜು ಮೈಗೆಲ್ಲ ಏರಿತ್ತು. ಮೂರು ದಿನ ದವಾಖಾನೆಯಲ್ಲಿದ್ದಳು. ಹನಮಂತವ್ವನಿಗೆ ಖಬರು ಮುಟ್ಟಿ ಅವಳು ಓಡಿ ಬಂದಾಗ ದೇವವ್ವನಿಗೆ ಮಾತು ನಿಂತಿತ್ತು. ಸಂಜೆ ಹೊತ್ತಿಗೆ ಜೀವ ಹೋಯಿತು.

ಹದಿನೈದು ದಿನದ ಮೇಲೆ ಅಂದಪ್ಪ ಲಕ್ಷ್ಮೇಶ್ವರದ ವಾಚನಾಲಯಕ್ಕೆ ಬಂದ. ಒಳಗೆ ಇಸಾಕನೂ ಹನಮಂತವ್ವನೂ ಕೂತಿದ್ದರು. ಪಾಠ ನಿಂತೇ ಹೋಗಿತ್ತು. ಅಂದಪ್ಪ ಜಗಳಕ್ಕೆ ಬಂದನೆಂದು ಇಸಾಕ ಎದ್ದು ನಿಂತ.

"ಆಕಿ ಚಿತ್ರ ನಿಮ್ಮ ಕಡೆ ಐತೆಂತಲ್ಲರಿ. ನಾ ಅವತ್ತ ಹೊಲದಾಗ ಇದ್ದೆ, ನೋಡಲಿಲ್ಲ. ಮನ್ಯಾಗ ಆಕಿದೊಂದು ಫೋಟೋ ಇಲ್ಲ. ಒಂದ ಸಲ ತೋರಸ್ರಿ."

ಯಂತ್ರ ಇರಲಿಲ್ಲ. ಇಸಾಕ ಸುರುಳಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು, ಭೂತಗನ್ನಡಿ ಅಂದಪ್ಪನ ಕೈಗಿತ್ತ. ಉಗುರಿನಗಲದ ಚಿತ್ರಗಳನ್ನು ಅಂದಪ್ಪ ಒಂದೊಂದಾಗಿ ನೋಡಿದ. ಹೆಜ್ಜೆ. ಕೈ. ಕೊಡ. ಕಾಲು.

"ಮಖಾ ಎಲ್ಲೈತಿ?"

"ತಗೀಲಿಲ್ಲ ಕಾಕಾ," ಹನಮಂತವ್ವ ಅಂದಳು, "ಮಂದಿಗೆ ಗುರ್ತ ಸಿಗಬಾರದಂತ."

ಅಂದಪ್ಪ ಭೂತಗನ್ನಡಿ ಕೆಳಗಿಟ್ಟ. "ದಿನಾ ಕಣ್ಣ ಮುಂದ ಓಡ್ಯಾಡೂ ಕಾಲು, ಗುರ್ತ ಸಿಗೂದಿಲ್ಲೇನವಾ?"

ಹನಮಂತವ್ವ ಗೋಡೆಗೆ ಮುಖ ಮಾಡಿ ಅತ್ತಳು. ಇಸಾಕ ಅಂದಪ್ಪನ ಎದುರು ನೆಲದ ಮೇಲೆ ಕುಳಿತ.

"ತಪ್ಪು ಆಕಿದಲ್ಲ, ನಂದು. ಹತ್ರ ಹೋಗು ಅಂದಾಂವ ನಾ. ಅಲ್ಲೇ ತೋರಸೂಣು ಅಂದಾಂವನೂ ನಾ. ಇಳೀಬ್ಯಾಡ ಅಂತ ಹೇಳಿಸಿದೆ, ನೀರು ಯಾರು ತಂದು ಕೊಡಬೇಕು ಅಂತ ಹೇಳಿಸಲಿಲ್ಲ. ನೀವು ಹೂಂ ಅಂದ್ರ ಇದನ್ನ ಈಗ ಸುಟ್ಟ ಬಿಡತೇನಿ."

ಅಂದಪ್ಪ ಸುರುಳಿಯ ಮೇಲೆ ಕೈ ಇಟ್ಟ. "ನಾನೂ ಎರಡು ದಿನ ನೀರು ತಂದೆರಿ. ಗಂಡಸು ಕೊಡ ಹೊತ್ತಾನ ಅಂತ ನಕ್ಕರು. ನಾಚಿ ಬಿಟ್ಟುಬಿಟ್ಟೆ" ಅಂದ. ಆಮೇಲೆ, "ಸುಡಬ್ಯಾಡ್ರಿ. ಆಕಿದು ಅಂತ ಅದೊಂದ ಉಳದೈತಿ. ಆದ್ರ ಬರೇ ಕಾಲು ಅನಬ್ಯಾಡ್ರಿ. ದೇವವ್ವ ಅನ್ರಿ."

ಮೆಟ್ಟಿನಹಾಳದಲ್ಲಿ ಆ ಸಾವಿನ ಬಗ್ಗೆ ಯಾರೂ ಬಾಯಿಬಿಟ್ಟು ಮಾತಾಡಲಿಲ್ಲ. ಆದರೆ ಸುಗ್ಗಿಗೆ ಮುಂಚೆ ಹುಚ್ಚೀರಪ್ಪನೇ ಕಲ್ಲು ತರಿಸಿ ಬಾವಿಯ ಮೆಟ್ಟಿಲು ಮುಚ್ಚಿಸತೊಡಗಿದ. ನವೆಂಬರ್ ಒಂದರಂದು ಗದಗಿನಲ್ಲಿ ಕನ್ನಡ ನಾಡು ಒಂದೇ ರಾಜ್ಯವಾದದ್ದಕ್ಕೆ ಮೆರವಣಿಗೆ. ಅದನ್ನು ತೆಗೆದುಕೊಡು ಎಂದು ಇಸಾಕನಿಗೆ ಕರೆ ಬಂದಿತ್ತು. ಬೇರೊಬ್ಬರ ಕ್ಯಾಮರಾ ಕೊಟ್ಟು ಅವನು ಕುಬೇರಪ್ಪನನ್ನು ಕಳಿಸಿದ. ತಾನು ಹನಮಂತವ್ವನ ಜೊತೆ ಮೆಟ್ಟಿನಹಾಳದ ಹಾದಿ ಹಿಡಿದ. ಮುಂಡರಗಿಯಿಂದ ಬಂದ ಗೌಂಡಿಗಳು ಕೊನೆಯ ಸಾಲಿನ ಕಲ್ಲು ಕೂರಿಸಿ ಗಾಲಿ ಕಟ್ಟಿದ್ದರು. ಅಂದಪ್ಪ ಮೊದಲ ಕೊಡ ಸೇದಿ, ಹೆಗಲ ಮೇಲಿಟ್ಟುಕೊಂಡು ಬೇಸಿಗೆಯ ನಾರಿನ ಹುಣ್ಣು ಮಾಯದೆ ಮಲಗಿದ್ದ ಒಬ್ಬ ಮುದುಕನ ಮನೆಗೆ ಹೊರಟ. ಓಣಿಯಲ್ಲಿ ಯಾರೂ ನಗಲಿಲ್ಲ. ಹನಮಂತವ್ವ ಅವನ ಮುಂದೆ ಹಿಮ್ಮುಖವಾಗಿ ನಡೆಯುತ್ತ ಚಿತ್ರ ತೆಗೆದಳು. ಇಸಾಕ ದೂರದಲ್ಲೇ ನಿಂತಿದ್ದ.

ಆ ಭಾಗವನ್ನೂ ಸೇರಿಸಿ ಮೂವರು ಮುಂಡರಗಿ, ಶಿರಹಟ್ಟಿ ಕಡೆಯ ಹಳ್ಳಿಗಳಲ್ಲಿ ಚಿತ್ರ ತೋರಿಸಿದರು. ಕಾಲು ಬಂದಾಗ ಹನಮಂತವ್ವ ಬರೆದದ್ದನ್ನು ಓದುತ್ತಿರಲಿಲ್ಲ. "ಈಕಿ ನಮ್ಮ ಚಿಗವ್ವ ದೇವವ್ವ. ನಾವು ಇದನ್ನ ತೋರಿಸಿದ ಮ್ಯಾಲ ಊರು ಈಕಿಗೆ ನೀರು ಕೊಡಲಿಲ್ಲ. ಈಕಿ ಈಗ ಇಲ್ಲ" ಎನ್ನುತ್ತಿದ್ದಳು. ಕೆಲವು ಊರಲ್ಲಿ ಜನ ಎದ್ದು ಹೋಗುತ್ತಿದ್ದರು. ಎರಡು ಊರಲ್ಲಿ ಮೆಟ್ಟಿಲು ಮುಚ್ಚಿದರು.

ಅಂದಪ್ಪ ಆ ಚಿತ್ರವನ್ನು ಗೋಡೆಯ ಮೇಲೆ ಒಮ್ಮೆಯೂ ನೋಡಲಿಲ್ಲ. ಕರೆದಾಗಲೆಲ್ಲ ಹೊಲದಲ್ಲಿ ಕೆಲಸವಿದೆ ಎನ್ನುತ್ತಿದ್ದ.