ಸಾವಿತ್ರೆವ್ವನ ಕರಡಿಗೆ

ಶಿದ್ರಾಮಪ್ಪನ ಕೈಗೆ ಸಿಕ್ಕವರು ಬೇಗ ಬಿಡಿಸಿಕೊಂಡು ಹೋದದ್ದಿಲ್ಲ. ಬೀಳಗಿ ಸೀಮೆಯ ಹೊಳೆದಂಡೆಯ ಆ ಊರಲ್ಲಿ ಸಂಜೆ ಕಟ್ಟೆಗೆ ಬಂದು ಕೂತನೆಂದರೆ, ದೇವರಿಗೆ ನಾಮವಿಲ್ಲ, ರೂಪವಿಲ್ಲ, ಎಲ್ಲ ಬಯಲು ಎಂದು ಶುರುಮಾಡುತ್ತಿದ್ದ. ಕೇಳುವವರ ಕಾಲು ಜೋಮು ಹಿಡಿದರೂ ಬಿಡುತ್ತಿರಲಿಲ್ಲ. ಅವನ ಕೊರಳಲ್ಲೂ ಲಿಂಗದ ಕರಡಿಗೆ ಇತ್ತು, ಅದು ಬೇರೆ ಮಾತು. ಜನರ ಬಾಯಿಗೆ ಹೆದರಿ ಕಟ್ಟಿಕೊಂಡಿದ್ದ. ಬಿಚ್ಚಿ ಪೂಜೆ ಮಾಡಿದ್ದನ್ನು ಯಾರೂ ಕಂಡಿರಲಿಲ್ಲ.

ಮದುವೆಯಾಗಿ ಎಷ್ಟೋ ವರ್ಷಕ್ಕೆ ಹೆಣ್ಣುಕೂಸು ಹುಟ್ಟಿತು. ಹೆಂಡತಿ ಸಾವಿತ್ರೆವ್ವ ಬೆನ್ನು ಹತ್ತಿದಳು.

"ಅಯ್ಯಾರನ್ನ ಕರಸ್ರಿ. ಕೂಸಿಗೆ ಲಿಂಗಾ ಕಟ್ಟಿಸಿ ಹೆಸರಿಡೂಣು."

"ದೇವರಿಗೇ ಹೆಸರಿಲ್ಲ, ಇದಕ್ಕೇನ ಅವಸರ? ದೊಡ್ಡಾಕ್ಯಾಗಿ ಬೇಕಂದ್ರ ತಾನ ಕಟ್ಟಿಕೊಳ್ಳಲಿ."

ಕೂಸು ದೊಡ್ಡದಾಗಲಿಲ್ಲ. ತೊಟ್ಟಿಲಲ್ಲಿದ್ದಾಗಲೇ ಜ್ವರ ಬಂದು ಹೋಯಿತು. ಹೊಲದ ಬದುವಿನಲ್ಲಿ, ಬೇವಿನ ಮರದ ಕೆಳಗೆ ಹೂತರು. ಲಿಂಗವಿಲ್ಲದೆ ಹೋಯಿತಲ್ಲ ಎಂದು ಬಾಯಿ ಬಡಿದುಕೊಂಡು ಅಳುವವಳಿಗೆ ಶಿದ್ರಾಮಪ್ಪ, "ಬಯಲಿಂದ ಬಂತು, ಬಯಲಿಗೆ ಹೋತು. ಅಳೂದ್ಯಾಕ?" ಎಂದ. ಅಂಥ ಮಾತಾಡಲು ಅವನ ನಾಲಿಗೆ ಹೇಗೆ ಹೊರಳಿತೋ!

ಮುಂದೆ ಆಲಮಟ್ಟಿಯ ಹಿನ್ನೀರು ಏರತೊಡಗಿತು. ಊರಿಗೆ ಊರೇ ಪುನರ್ವಸತಿ ಕೇಂದ್ರಕ್ಕೆ ಗಂಟುಮೂಟೆ ಕಟ್ಟಿತು. ಸಾಮಾನು ತುಂಬಿದ ಟ್ರ್ಯಾಕ್ಟರ್ ಇನ್ನೇನು ಹೊರಡಬೇಕು, ಸಾವಿತ್ರೆವ್ವ ಇಳಿದು ಒಬ್ಬಳೇ ಹೊಲದ ಕಡೆ ನಡೆದಳು. ತಿರುಗಿ ಬಂದಾಗ ಮೊಣಕೈತನಕ ಕೆಸರು.

"ಕಲ್ಲು ಮಣ್ಣಿಗೆ ಎಷ್ಟ ಜೋತ ಬೀಳತೀಯೇ?" ಎಂದು ಶಿದ್ರಾಮಪ್ಪ ನಾಲ್ಕು ಜನರೆದುರು ಬೈದ. ಅವಳು ಸೆರಗಿಗೆ ಕೈ ಒರೆಸಿಕೊಂಡು ಟ್ರ್ಯಾಕ್ಟರ್ ಹತ್ತಿದಳು. ಆ ಮಳೆಗಾಲಕ್ಕೆ ಹೊಲ, ಬದು, ಬೇವು ಎಲ್ಲ ಮುಳುಗಿದವು.

ಹೊಸ ಮನೆಯಲ್ಲಿ ಅವಳು ದಿನಾ ಬೆಳಿಗ್ಗೆ ಮಿಂದು, ಗಂಡನಿಗೆ ಬೆನ್ನು ಮಾಡಿ, ಗೋಡೆಗೆ ಮುಖ ಹಾಕಿ ಕೂತು ಕರಡಿಗೆ ಬಿಚ್ಚುತ್ತಿದ್ದಳು. ಅಂಗೈ ನೋಡುತ್ತ ತುಟಿ ಅಲ್ಲಾಡಿಸುತ್ತಿದ್ದಳು. "ಆತೇನ ಕಲ್ಲಿನ ಕೂಡ ಮಾತು?" ಎಂದು ಇವನು ಚಹಾ ಹೀರುತ್ತ ಕುಟುಕಿದರೆ ತಿರುಗಿಯೂ ನೋಡುತ್ತಿರಲಿಲ್ಲ. ಹೀಗೇ ವರ್ಷಗಳು ಉರುಳಿದವು.

ಒಂದು ಮಧ್ಯಾಹ್ನ ಉಂಡು ಮಲಗಿದ ಸಾವಿತ್ರೆವ್ವ ಮತ್ತೆ ಏಳಲಿಲ್ಲ. ಮೈತೊಳೆದು, ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದರು. ಹೂಳಲು ಕುಣಿ ತೋಡಿಯಾಗಿತ್ತು.

"ಲಿಂಗಾ ತಗೀರಿ, ಎಡಗೈಯಾಗ ಇಡಬೇಕು" ಎಂದರು ಅಯ್ಯನವರು.

ನೆರೆಮನೆಯ ತಾರವ್ವ ಕರಡಿಗೆ ಬಿಚ್ಚಿದವಳೇ "ಯವ್ವಾ!" ಎಂದಳು. ಒಳಗೆ ಲಿಂಗವಿರಲಿಲ್ಲ. ಒಣಗಿ ಗಟ್ಟಿಯಾದ ಒಂದು ಎರೆಮಣ್ಣಿನ ಉಂಡೆ, ಮೇಲೆ ವಿಭೂತಿ.

"ಲಿಂಗ ಇಲ್ಲದ ಹ್ಯಾಂಗ ಕುಣಿಯಾಗ ಕೂಡ್ರಸೂದ್ರಿ?" ಎಂದರು ಅಯ್ಯನವರು.

ಶಿದ್ರಾಮಪ್ಪನಿಗೆ ಊರು ಬಿಟ್ಟ ದಿನದ ಆ ಕೆಸರುಗೈ ನೆನಪಾಯಿತು. ಅವಳು ತನ್ನ ಲಿಂಗವನ್ನು ಕೂಸಿಗೆ ಕೊಟ್ಟು, ಕೂಸಿನ ಮೇಲಿನ ಮಣ್ಣನ್ನು ಕೊರಳಿಗೆ ಕಟ್ಟಿಕೊಂಡು ಬಂದಿದ್ದಳು! ತನ್ನ ಕರಡಿಗೆ ಬಿಚ್ಚಿ ಲಿಂಗ ತೆಗೆದು ಚಾಚಿದ.

"ಇದನ್ನ ಇಡ್ರಿ."

"ನಿಮ್ಮದರೀ? ಜೀವ ಇರೂತನಕ ಬಿಡಬಾರದ್ರಿ ಅದನ್ನ."

"ಇಡ್ರಿ ಅಯ್ಯಾರ. ನನ್ನ ಕೊರಳಾಗ ಅದು ಸುಮ್ನ ಇತ್ತು."

ಮರುದಿನ ಬೆಳಿಗ್ಗೆ ಅವನು ಮಿಂದು, ಅವಳು ಕೂರುತ್ತಿದ್ದಲ್ಲೇ ಗೋಡೆಗೆ ಮುಖ ಮಾಡಿ ಕೂತ. ತೆಗೆದಿಟ್ಟುಕೊಂಡಿದ್ದ ಮಣ್ಣಿನ ಉಂಡೆಯನ್ನು ಅಂಗೈಯಲ್ಲಿಟ್ಟುಕೊಂಡ. ಇಷ್ಟು ವರ್ಷ ಅವಳ ತುಟಿ ಅಲ್ಲಾಡಿದ್ದು ಮಂತ್ರಕ್ಕಲ್ಲ, ಕೂಸನ್ನು ಕರೆಯಲಿಕ್ಕೆ ಎಂದು ಈಗ ಹೊಳೆಯಿತು. ಎದ್ದು ತಾರವ್ವನ ಬಾಗಿಲಿಗೆ ಹೋದ.

"ಆಕಿ ಕೂಸಿಗೆ ಏನಂತ ಹೆಸರಿಟ್ಟಿದ್ಳು?"

"ನಿಮಗ ಗೊತ್ತಿಲ್ಲೇನ್ರಿ?" ಎಂದಳು ತಾರವ್ವ. "ನಮ್ಮ ಮುಂದ ಎಂದೂ ಹೇಳಿಲ್ಲ ನೋಡ್ರಿ."

ಮರಳಿ ಬಂದು ಗೋಡೆಯ ಮುಂದೆ ಕೂತ. ಮಗಳನ್ನು ಒಂದು ಸಲ ಕರೆಯಬೇಕೆಂದು ಬಾಯಿ ತೆರೆದ. ಕರೆಯಲು ಅವನ ಹತ್ತಿರ ಏನೂ ಇರಲಿಲ್ಲ.